ಇಳಿತದ ಹೊತ್ತಿನ ಪಾಠ

ಅಯ್ಯೋ, ಕಾಲು ತೊಳೆಯೋದೆಲ್ಲ ಆಮೇಲೆ ಕಣೇ, ಮೊದಲು ಒಳಗೆ ಬಾ! ಕೆಸರಿನ ಪಾಠ ಮಾಡೋ ಕೋಣೆಗೆ ಕೆಸರುಗಾಲಲ್ಲಿ ಬರಬಾರದು ಅಂದ್ರೆ ಹೇಗೆ? ಬಾ, ಕೂತ್ಕೋ. ಆ ಬೆಂಚು ಬೇಡ, ಅದರ ಒಂದು ಕಾಲು ಗಿಡ್ಡ. ಹೋದ ಭಾನುವಾರ ದರ್ಜಿ ಅದರ ಮೇಲೆ ಕೂತು ತೂಕಡಿಸೋಕೆ ಹೋಗಿ ಧೊಪ್ಪಂತ ಬಿದ್ದ. ಪಾಪ, ಆವತ್ತೊಂದು ದಿನ ಪೂರ್ತಿ ಪಾಠ ಕೇಳಿದ... ಇಲ್ಲಿ, ನನ್ನ ಕುರ್ಚಿಯಲ್ಲೇ ಕೂತ್ಕೋ ಪುಟ್ಟಿ.

ಬರ್ತೀನಿ ಅಂತ ಒಂದು ಮಾತು ಹೇಳಿದ್ರೆ ಬಸ್ಸಿನ ಹತ್ತಿರ ಬರ್ತಿರಲಿಲ್ವಾ ನಾನು? ಸ್ವಂತ ಸೋದರಮಾವ ಅಂತ ಒಬ್ಬ ಇದ್ದೀನಿ, ನೀನು ನೋಡಿದ್ರೆ ಯಾರೋ ಪರಸ್ಥಳದವರ ಥರ ಬಂದು ಬಾಗಿಲಲ್ಲಿ ನಿಂತಿದ್ದೀಯ. ನಿಮ್ಮಮ್ಮನಿಗೆ ಹೇಳಿ ಬಂದಿದ್ದೀಯ ತಾನೆ? ...ಹೇಳಿಲ್ಲ. ಆಯ್ತು ಬಿಡು, ಇನ್ನು ಅಕ್ಕನ ಫೋನು ಬರುತ್ತೆ ನನಗೆ. "ನನ್ನ ಮಗಳ ತಲೆ ಕೆಡಿಸಿದ್ದು ನೀನೇ ಕಣೋ, ಕೆಸರು ಕೆಸರು ಅಂತ..." ಅಂತ ಶುರು ಮಾಡ್ತಾಳೆ. ಶುರು ಮಾಡಿದ್ರೆ ಮುಗೀತು, ಒಲೆ ಮೇಲೆ ಹಾಲು ಉಕ್ಕಿದಾಗಲೇ ಅವಳು ಫೋನು ಇಡೋದು.

ಟೀ ಕುಡಿ. ಫ್ಲಾಸ್ಕಿನಲ್ಲಿ ಬಿಸಿ ಇದೆ. ಮಕ್ಕಳು ಬರೋಕೆ ಇನ್ನೂ ಸ್ವಲ್ಪ ಹೊತ್ತಿದೆ. ಇವತ್ತು ಸೇತುವೆ ಆಚೆಯ ಶಾಲೆಯವರು, ಎಲ್ಲ ಚಿಕ್ಕ ಚಿಕ್ಕ ಮಕ್ಕಳು. ನೀರು ಇಳೀತಾ ಇದೆ, ಅವರು ಬರೋ ಹೊತ್ತಿಗೆ ಕೆಸರುಬಯಲು ಪೂರ್ತಿ ತೆರೆದಿರುತ್ತೆ. ಮೊದಲು ಇಲ್ಲಿ ಪಾಠ, ಆಮೇಲೆ ಹೊರಗೆ ಅಗೆಯೋದು. ಅದೇ ಕ್ರಮ, ನೀನು ಚಿಕ್ಕವಳಿದ್ದಾಗ ಹೇಗಿತ್ತೋ ಹಾಗೇ.

ಯಾಕೆ ನಗ್ತೀಯ? ...ನಗು ಅಲ್ವಾ ಅದು? ನನಗೆ ನಕ್ಕ ಹಾಗೆ ಕಾಣಿಸ್ತು.

ನೋಡು, ಕೋಣೆಗೆ ಸುಣ್ಣ ಹೊಡೆಸಿದ್ದೀನಿ. ಈ ಮೂಲೆಯಲ್ಲಿ ಮಂಜುಗಡ್ಡೆ ಪೇರಿಸ್ತಿದ್ರಲ್ಲ ಮೀನಿನವರು, ಆ ಕಲೆ ಮಾತ್ರ ಎಷ್ಟು ಸುಣ್ಣ ಹೊಡೆದ್ರೂ ಹೋಗಲ್ಲ. ಇರ್ಲಿ. ಮಂಜುಗಡ್ಡೆ ಕೋಣೆ ಅಂತ ಗೋಡೆ ಇಷ್ಟು ದಪ್ಪ ಕಟ್ಟಿದ್ದಾರೆ, ಬೇಸಿಗೆಯಲ್ಲೂ ತಣ್ಣಗಿರುತ್ತೆ. ದರ್ಜಿ ಬರೋದೇ ಅದಕ್ಕೆ. ಮನೆಯಲ್ಲಿ ಹೆಂಡತಿ ಹಗಲು ಮಲಗೋಕೆ ಬಿಡಲ್ವಂತೆ. ಆದ್ರೂ ನೋಡು, ಹದಿನೈದು ವರ್ಷ ನಿದ್ದೆಯಲ್ಲಿ ಕೇಳಿದ್ದೂ ಕಿವಿಗೆ ಇಳಿದಿದೆ ಅವನಿಗೆ. ಮೊನ್ನೆ ಯಾರೋ ಗಿರಾಕಿ ಪ್ಯಾಂಟು ಕೊಡೋಕೆ ಹೋದಾಗ ಅವನಿಗೆ ಹೇಳ್ತಿದ್ದನಂತೆ, "ಅಳಿವೆ ಅಂದ್ರೆ ನದಿ ಸಮುದ್ರಕ್ಕೆ ಬೀಳೋ ಜಾಗ ಅಂತ ತಿಳ್ಕೊಂಡಿದ್ದೀರಾ? ಅಲ್ಲ ಸ್ವಾಮಿ, ಸಮುದ್ರ ನದಿಯ ಮನೆಗೆ ದಿನಕ್ಕೆರಡು ಸಲ ನೆಂಟಸ್ತನಕ್ಕೆ ಬರೋ ಜಾಗ" ಅಂತ! ನಾನು ಹೇಳಿದ್ದ ಮಾತು ಅದು. ಯಾವಾಗಲೋ ಹೇಳಿದ್ದು.

ಪೋಸ್ಟಮ್ಮ ಬರಲ್ಲ ಈಗ. ಅಂಚೆ ಕಚೇರಿಯಲ್ಲಿದ್ದರಲ್ಲ, ಪ್ರತಿ ಪಾಠಕ್ಕೂ ಒಂದೇ ಪ್ರಶ್ನೆ ಕೇಳ್ತಿದ್ರಲ್ಲ, "ಏಡಿಗೆ ತನ್ನ ಬಿಲ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ, ಎಲ್ಲ ಒಂದೇ ಥರ ಇರುತ್ತಲ್ಲ?" ಅಂತ. ಮಗಳ ಊರಿಗೆ ಹೋದ್ರು. ಹೋಗೋವಾಗ ಬಂದು ಆ ಕಿಟಕಿ ಹತ್ತಿರ ನಿಂತು ಬಹಳ ಹೊತ್ತು ಹೊರಗೆ ನೋಡಿದ್ರು. ಆವತ್ತು ಪ್ರಶ್ನೆ ಕೇಳಲಿಲ್ಲ. ಕೇಳಿದ್ರೂ... ಏಡಿಗಳೇ ಎಲ್ಲಿದ್ವು ಆಗ... ಅಂದ್ರೆ, ಕಮ್ಮಿ ಆಗಿದ್ವು ಅಂತ.

ಟೀ ಆರ್ತಾ ಇದೆ ಕಣೇ.

ವಿಚಾರಣೆನಾ? ಯಾವ... ಓ, ಗೋಡೆ ವಿಚಾರಣೆ. ಅದು ಮುಂದಕ್ಕೆ ಹೋದ ಹಾಗೆ ಕಾಣುತ್ತೆ. ಇವರದ್ದು ಗೊತ್ತಲ್ಲ, ಇವತ್ತು ನಾಳೆ ಅಂತ ತಳ್ಳೋದು. ನಾವು ಕೇಳಿದ್ದೇನು ದೊಡ್ಡದು? ಬಂದರಿನವರು ಅಳಿವೆ ಬಾಯಿಗೆ ಅಡ್ಡ ಕಟ್ಟಿದ ಕಲ್ಲುಗೋಡೆಯಲ್ಲಿ ಒಂದು ಕಿಂಡಿ ಬಿಡಿ ಅಂತ. ಗೋಡೆ ಪೂರ್ತಿ ಒಡೀರಿ ಅಂತ ಹೇಳಿದ್ವಾ? ಒಂದು ಕಿಂಡಿ! ಸಮುದ್ರದ ನೀರು ಒಳಗೆ ಬಂದು ಹೋಗೋಕೆ, ಉಸಿರಾಡೋಕೆ ಮೂಗಿನ ಹೊಳ್ಳೆ ಇದ್ದ ಹಾಗೆ... ಅದಕ್ಕೂ ಇಷ್ಟು ವರ್ಷ ಓಡಾಟ. ಹೋಗ್ಲಿ, ಆ ವಿಷಯ ಇವತ್ತು ಬೇಡ. ಇವತ್ತು ಪಾಠದ ದಿನ.

ನಿನಗೆ ನೆನಪಿದೆಯಾ, ನೀನು ಮೊದಲನೇ ಸಲ ಬಂದಿದ್ದು? ಇಷ್ಟುದ್ದ ಇದ್ದೆ. ಬೇಸಿಗೆ ರಜಕ್ಕೆ ಅಂತ ಅಕ್ಕ ನಿನ್ನನ್ನ ನನ್ನ ಹತ್ತಿರ ಬಿಟ್ಟು ಹೋಗಿದ್ಲು. ಕೆಸರಿಗೆ ಇಳಿಯಲ್ಲ ಅಂತ ನನ್ನ ಹೆಗಲಿಂದ ಇಳಿಯಲೇ ಇಲ್ಲ ನೀನು. ಹೊಸ ಬಿಳಿ ಫ್ರಾಕು ಬೇರೆ. ಆಮೇಲೆ ಯಾರೋ ಮಗು ಒಂದು ಕಪ್ಪೆಚಿಪ್ಪು ತೆಗೆದು ಅಂಗೈ ಮೇಲೆ ಇಟ್ಕೊಂಡಾಗ ಅದು ಪಿಚಕ್ಕಂತ ನೀರು ಹಾರಿಸ್ತಲ್ಲ, ಸೀದಾ ನಿನ್ನ ಮೂಗಿಗೆ! ಅಷ್ಟೇ. ಧಡ್ ಅಂತ ಇಳಿದವಳು ಸಂಜೆವರೆಗೂ ಮೇಲೆ ಬರಲಿಲ್ಲ. "ಮಾವ, ಇದು ಜೀವಂತ ಇದೆ! ಮಾವ, ಇಲ್ಲೂ ಇದೆ! ಇಲ್ಲೂ ಇದೆ!" ಆ ಫ್ರಾಕು ಆಮೇಲೆ ನೆಲ ಒರೆಸೋ ಬಟ್ಟೆ ಆಯ್ತು, ಅದಕ್ಕೂ ಬೈಸಿಕೊಂಡೆ ನಾನು.

ಎರಡು ಗಾಜಿನ ಭರಣಿ ಪಾಠ ಗೊತ್ತಲ್ಲ? ಎರಡಕ್ಕೂ ರಾಡಿ ನೀರು ತುಂಬೋದು, ಒಂದಕ್ಕೆ ಒಂದು ಹಿಡಿ ಕಪ್ಪೆಚಿಪ್ಪು ಹಾಕೋದು, ಇನ್ನೊಂದನ್ನ ಹಾಗೇ ಬಿಡೋದು. ಪಾಠ ಮುಗಿಯೋ ಹೊತ್ತಿಗೆ ಒಂದು ಭರಣಿ ನೀರು ತಿಳಿಯಾಗಿ ಆಚೆ ಇರೋರ ಮುಖ ಕಾಣಿಸುತ್ತೆ. ಮಕ್ಕಳು ಬಾಯಿ ಬಿಟ್ಕೊಂಡು ನೋಡ್ತಾವೆ. "ನೋಡ್ರಪ್ಪ, ಸಂಬಳ ಇಲ್ಲ, ರಜ ಇಲ್ಲ, ಹಗಲೂ ರಾತ್ರಿ ನಮ್ಮ ನೀರು ಸೋಸೋ ಕೆಲಸ ಇವರದ್ದು" ಅಂತೀನಿ. ಯಾವ ಊರಿನ ಮಕ್ಕಳು ಬಂದ್ರೂ ಚಪ್ಪಾಳೆ ತಟ್ಟೋದು ಅದಕ್ಕೇ. ನೀನು ಕಾಲೇಜಿಗೆ ನೀರಿನ ವಿಷಯ ತಗೊಂಡಿದ್ದು ಆ ಭರಣಿ ನೋಡಿ ಅಂತ ಎಲ್ಲರ ಹತ್ತಿರ ಹೇಳ್ಕೊಂಡಿದ್ದೀನಿ. ಇವತ್ತು ಪ್ರಯೋಗಾಲಯದಲ್ಲಿ ಕೂತು ಊರೂರಿನ ನೀರು ಪರೀಕ್ಷೆ ಮಾಡ್ತಾಳೆ ನಮ್ಮ ಹುಡುಗಿ, ಅವಳು ಒಂದು ಮಾತು ಹೇಳಿದ್ರೆ ಸರ್ಕಾರದವರೂ ತೆಗೆದುಹಾಕಲ್ಲ, ಅಂತ...

ಏನು? ಏನಂದೆ?



ನೀನೇನೂ ಅನ್ನದೆ ಹೀಗೆ ಕೂತ್ರೆ ನನಗೆ ಕಷ್ಟ ಕಣೇ. ಮೇಷ್ಟ್ರ ಜಾತಿ ನಮ್ಮದು, ಎದುರಿಗೆ ಯಾರಾದ್ರೂ ಸುಮ್ಮನೆ ಕೂತ್ರೆ ಪಾಠ ಅರ್ಥ ಆಗಿಲ್ಲ ಅಂತ ಇನ್ನೊಂದು ಸಲ ಹೇಳ್ತೀವಿ... ಪ್ರಯಾಣದ ಸುಸ್ತಾ? ಕೆಲಸದಲ್ಲಿ ಏನಾದ್ರೂ ಆಯ್ತಾ? ಯಾರಾದ್ರೂ ಏನಾದ್ರೂ ಅಂದ್ರಾ? ಇಲ್ಲಿಯವರು ಯಾರಾದ್ರೂ ಫೋನು... ಮಾಡಿದ್ರಾ?

ಯಾರು ಮಾಡಿದ್ದು?

ದೋಣಿಯಣ್ಣನಾ? ಅವನಿಗೇನು ಕೆಲಸ ಇಲ್ಲ! ದೋಣಿ ಮಾರಿ ಮಂಜುಗಡ್ಡೆ ಲಾರಿ ಓಡಿಸೋಕೆ ಶುರು ಮಾಡಿದ ಮೇಲೆ ಅವನ ನಾಲಗೆ ತುಂಬ ಉದ್ದ ಆಗಿದೆ. ಬೈದ್ನಾ ನಿನಗೆ? ...ಬೈಲಿಲ್ಲ. ಅತ್ನಾ? ದೋಣಿಯಣ್ಣ ಅತ್ನಾ?

...

ಹೂಂ. ವಿಚಾರಣೆ ಮುಂದಕ್ಕೆ ಹೋಗಿಲ್ಲ. ಮುಗೀತು. ಮೊನ್ನೆನೇ ಮುಗೀತು. ಕಿಂಡಿ ಬಿಡಲ್ಲ ಅಂದ್ರು. ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಅಷ್ಟೇ. ನಿಧಾನವಾಗಿ ಹೇಳೋಣ, ಮೊದಲು ಟೀ ಕುಡೀಲಿ ಅಂತ...

ಸೋಲೋದು ನಮಗೇನು ಹೊಸದಾ? ಗೋಡೆ ಕಟ್ಟೋವಾಗಲೂ ಸೋತಿದ್ವಿ. ದೋಣಿ ನಿಲ್ಲೋಕೆ ಅಲೆ ಇಲ್ಲದ ನೀರು ಬೇಕು ಅಂದ್ರು, ಕಟ್ಟಿದ್ರು. ಬಂದರಿನ ಆಗಿನ ಸಾಹೇಬ ಒಂದು ದಿನ ಇದೇ ಕೋಣೆಗೆ ಬಂದು ಮುಂದಿನ ಬೆಂಚಲ್ಲಿ ಕೂತು ಪಾಠ ಕೇಳಿ, "ಬಹಳ ಉಪಯುಕ್ತ, ಬಹಳ ಉಪಯುಕ್ತ" ಅಂತ ಕೈ ಕುಲುಕಿ, ನನ್ನ ಪಕ್ಕ ನಿಂತು ಫೋಟೋ ತೆಗೆಸ್ಕೊಂಡು ಹೋದ. ಮಾರನೇ ವಾರ ಕಲ್ಲಿನ ಲಾರಿಗಳು ಬಂದ್ವು. ಅಲೆ ನಿಂತಿತು, ಒಳ್ಳೇದು. ಆದ್ರೆ ಅಲೆ ಜೊತೆ ಬರ್ತಿದ್ದ ಹೊಸ ನೀರೂ ನಿಂತಿತು, ದೋಣಿ ದಾಟೋ ಸಂದಿಯಲ್ಲಿ ಒಂದಿಷ್ಟು ಏರಿ ಇಳಿಯುತ್ತೆ ಅಷ್ಟೇ. ಊರಿನ ಮೋರಿ ನೀರೆಲ್ಲ ಬಂದು ಇಲ್ಲೇ ಕೂತಿತು. ದಿನಕ್ಕೆರಡು ಸಲ ಬರ್ತಿದ್ದ ನೆಂಟ ಬಾಗಿಲವರೆಗೂ ಬಂದು ಬೀಗ ನೋಡಿ ವಾಪಸ್ ಹೋದ ಹಾಗೆ. ಮೊದಲು ಕೆಸರಿನ ಮೇಲೆ ಕಂದು ಬಣ್ಣದ ತೆಳ್ಳನೆ ಕೆನೆ ಇರ್ತಿತ್ತಲ್ಲ, ಬಿಸಿಲಿಗೆ ಮಿಂಚ್ತಿತ್ತಲ್ಲ, ಅದು ಹೋಯ್ತು. ಆಮೇಲೆ ಕಾಲಿಟ್ರೆ ಕಪ್ಪು, ಕೊಳೆತ ಮೊಟ್ಟೆ ವಾಸನೆ. ಉಪ್ಪುನೀರಲ್ಲಿ ಬೆಳೆಯೋ ಕಾಂಡ್ಲ ಗಿಡಗಳು ಬೇರು ಮೇಲೆತ್ತಿ ಉಸಿರಾಡ್ತಿದ್ವಲ್ಲ, ಆ ಬೇರಿಗೆಲ್ಲ ಪ್ಲಾಸ್ಟಿಕ್ಕು ಸುತ್ಕೊಂಡು ಒಂದೊಂದೇ ಗಿಡ ಬೋಳಾಗ್ತಾ ಬಂತು. ಹಕ್ಕಿಗಳು ಬಂದು, ಕೊಕ್ಕು ಹಾಕಿ ನೋಡಿ, ಮಾರನೇ ವರ್ಷ ಬರಲೇ ಇಲ್ಲ.

ಆದ್ರೂ ಪಾಠ ಬಿಡಲಿಲ್ಲ ನಾನು! ಒಂದು ಭಾನುವಾರ ಬಿಡಲಿಲ್ಲ. ಇಬ್ಬರು ಬಂದ್ರೂ ಮಾಡಿದೆ. ದರ್ಜಿ ಒಬ್ಬನೇ ಬಂದು ನಿದ್ದೆ ಮಾಡಿದ್ರೂ ಮಾಡಿದೆ. ಅದಕ್ಕೇ ಹೇಳೋದು, ವಿಚಾರಣೆ ಹೋದ್ರೆ ಹೋಯ್ತು, ಪಾಠ ಇದೆಯಲ್ಲ, ಜನಕ್ಕೆ ತಿಳಿವಳಿಕೆ ಬಂದ್ರೆ ಮುಂದೆ ಯಾವತ್ತಾದ್ರೂ...

ಕೈ ಯಾಕೆ ಹಿಂದೆ ಇಟ್ಕೊಂಡಿದ್ದೀಯ? ತೋರಿಸು.

ಉಗುರೊಳಗೆಲ್ಲ ಕೆಸರು. ನೀನು ಕಟ್ಟೆ ಮೆಟ್ಟಿಲಲ್ಲಿ ಜಾರಿರಬೇಕು ಅಂದ್ಕೊಂಡೆ ನಾನು. ಅಗೆದಿದ್ದೀಯ. ಬರಿಗೈಯಲ್ಲಿ ಅಗೆದಿದ್ದೀಯ. ಬೆಳಿಗ್ಗೆ ಬಸ್ಸಿಳಿದವಳು ಸೀದಾ ಕೆಸರಿಗೆ ಇಳಿದಿದ್ದೀಯ ನೀನು.

ಎಲ್ಲಿ ಅಗೆದೆ? ...ಬಿದಿರಿನ ಗಳ ನೆಟ್ಟಿದ್ದೀನಲ್ಲ, ಅಲ್ಲೇನಾ? ...ಅದರ ಆಚೆ? ಕಾಂಡ್ಲ ಗಿಡದ ಹತ್ತಿರ? ...ಎಲ್ಲ ಕಡೆನಾ.

ಏನಾದ್ರೂ...

ಬೇಡ. ಹೇಳಬೇಡ. ಗೊತ್ತು.

ನೀನು ಹಾಗೆ ನನ್ನ ಮುಖ ನೋಡಬೇಡ ಪುಟ್ಟಿ. ಕಿಟಕಿ ಕಡೆ ನೋಡು, ಆಗ ಹೇಳ್ತೀನಿ. ...ನೋಡಲ್ವಾ. ಸರಿ, ನಾನೇ ಆ ಕಡೆ ನೋಡ್ತೀನಿ.

ಒಂದು ಮಗು ಬಂದಿತ್ತು. ಎರಡು ವರ್ಷ ಆಯ್ತೇನೋ. ಮಂಜುಗಡ್ಡೆ ಹೊರೋನ ಮಗಳು, ಎರಡು ಜಡೆ, ಮುಂದಿನ ಹಲ್ಲಿಲ್ಲ. ಪಾಠ ಕೇಳಿದ್ಲು, ಭರಣಿ... ಭರಣಿ ಆವತ್ತು ತೋರಿಸಿರಲಿಲ್ಲ, ಚಿಪ್ಪೇ ಸಿಕ್ಕಿರಲಿಲ್ಲ ನನಗೆ. ಚಿತ್ರ ಬರೆದು ತೋರಿಸಿದೆ. ಆಮೇಲೆ ಎಲ್ಲರೂ ಹೊರಗೆ ಹೋದ್ವಿ, ಅಗೆದ್ರು. ಬೇರೆ ಮಕ್ಕಳೆಲ್ಲ ಸ್ವಲ್ಪ ಹೊತ್ತು ಅಗೆದು, ವಾಸನೆ ಅಂತ ಮೂಗು ಮುಚ್ಕೊಂಡು, ದಡಕ್ಕೆ ಹೋಗಿ ಕಲ್ಲು ಹೊಡೀತಾ ಕೂತ್ವು. ಇವಳು ಬಿಡಲಿಲ್ಲ. ಇಲ್ಲಿ ಅಗೆದ್ಲು, ಅಲ್ಲಿ ಅಗೆದ್ಲು. ಮೊಣಕೈವರೆಗೂ ಕಪ್ಪು. ನೀರು ಏರೋಕೆ ಶುರುವಾದ ಮೇಲೂ ಅಗೀತಾನೇ ಇದ್ಲು. ನಾನೇ ಹೋಗಿ ಸಾಕು ಬಾಮ್ಮ ಅಂತ ಎತ್ಕೊಳ್ಳೋಕೆ ಹೋದಾಗ ತಲೆ ಎತ್ತಿ ಏನು ಕೇಳಿದ್ಲು ಗೊತ್ತಾ? "ನಾನು ಸರಿಯಾಗಿ ಅಗೀಲಿಲ್ವಾ ಮೇಷ್ಟ್ರೇ?"

ನಾನು ಸರಿಯಾಗಿ ಅಗೀಲಿಲ್ವಾ, ಅಂತ!

ಏನು ಹೇಳಲಿ ನಾನು ಆ ಮಗುಗೆ? ಇಲ್ಲಮ್ಮ, ನೀನು ಸರಿಯಾಗೇ ಅಗೆದಿದ್ದೀಯ, ಕೆಳಗೆ ಎಲ್ಲ ಸತ್ತು ಹೋಗಿದೆ, ದೊಡ್ಡವರೆಲ್ಲ ನೋಡ್ತಾ ನೋಡ್ತಾನೇ ಸತ್ತು ಹೋಯ್ತು, ಅಂತ ಹೇಳಲಾ? "ಮುಂದಿನ ವಾರ ಬಾ, ಸಿಗುತ್ತೆ" ಅಂದೆ. ಬಾಯಿಂದ ಹೊರಟೇ ಹೋಯ್ತು. ಆ ವಾರ ಪೂರ್ತಿ ಒದ್ದಾಡಿದೆ. ಶನಿವಾರ ಬಸ್ ಹತ್ತಿ ಆ ಕಡೆಯ ನದಿಬಾಯಿ ಹತ್ತಿರ ಹೋದೆ. ಅಲ್ಲಿ ಗೋಡೆ ಇಲ್ಲ. ಇನ್ನೂ ಇಲ್ಲ. ಮೀನು ಮಾರೋ ಹೆಂಗಸರ ಹತ್ತಿರ ಜೀವಂತ ಕಪ್ಪೆಚಿಪ್ಪು ತಗೊಂಡೆ, ಒದ್ದೆ ಗೋಣಿಯಲ್ಲಿ ಸುತ್ತಿ ತಂದೆ. ಬಸ್ಸಲ್ಲಿ ಪಕ್ಕದವನು, "ಮನೆಗೆ ನೆಂಟರಾ ಸ್ವಾಮಿ, ಭರ್ಜರಿ ಊಟ ಇರಬೇಕು" ಅಂದ. ಹೌದಪ್ಪ, ನೆಂಟರು, ಅಂದೆ. ಬೆಳಿಗ್ಗೆ ಯಾರೂ ಏಳೋ ಮುಂಚೆ ಹೋಗಿ ಒಂದೊಂದಾಗಿ... ಹೂತೆ.

ಹೂತೆ ಕಣೇ. ಗುರುತಿಗೆ ಬಿದಿರಿನ ಗಳ ನೆಟ್ಟೆ. "ಇವತ್ತು ಈ ಗಳದ ಸುತ್ತ ಮಾತ್ರ ಅಗೀಬೇಕು ಮಕ್ಕಳೇ" ಅಂದೆ.

ಸಿಕ್ತು ಅವಳಿಗೆ. ಪಿಚಕ್ಕಂತ ನೀರು ಹಾರಿಸ್ತು. ಆ ಮುಖ ನೀನು ನೋಡಬೇಕಿತ್ತು. ಇಲ್ಲದ ಹಲ್ಲೂ ಕಾಣಿಸೋ ಹಾಗೆ ನಕ್ಕಳು! ನಾನು ಮನೆಗೆ ಹೋಗಿ ಚಾಪೆ ಮೇಲೆ ಮಗುಚಿ ಮಲಗಿ, ಇಷ್ಟು ವಯಸ್ಸಾದ ಮೇಲೆ, ಗಟ್ಟಿಯಾಗಿ ಅತ್ತೆ.

ಒಂದೇ ಸಲ ಅಂದ್ಕೊಂಡಿದ್ದೆ. ಆದ್ರೆ ಮುಂದಿನ ವಾರ ಅವಳು ತಮ್ಮನ್ನ ಕರ್ಕೊಂಡು ಬಂದ್ಲು. ಅದರ ಮುಂದಿನ ವಾರ ಶಾಲೆಯವರೇ ಬಂದ್ರು. ಆಮೇಲೆ ನಿಲ್ಲಿಸೋದು ಹೇಗೆ? ಹೂತಿದ್ದು ಎರಡು ದಿನ ಕೂಡ ಬದುಕಲ್ಲ ಇಲ್ಲಿ, ಬಾಯಿ ಬಿಟ್ಟು ಬಿದ್ದಿರುತ್ತೆ. ಸತ್ತಿದ್ದನ್ನೆಲ್ಲ ಮಕ್ಕಳ ಕಣ್ಣಿಗೆ ಬೀಳದ ಹಾಗೆ ಆರಿಸಿ ತೆಗೀಬೇಕು, ಹೊಸದು ಹೂಳಬೇಕು. ಇದೇ ಆಗಿದೆ ನೋಡು ನನ್ನ ವಾನಪ್ರಸ್ಥ. ಇವತ್ತೂ ಹೂತಿದ್ದೀನಿ. ನೀನು ಬರೋ ಮುಂಚೆ. ಗಳದ ಹತ್ತಿರ ನಿನಗೂ ಸಿಕ್ಕಿರಬೇಕಲ್ಲ?

...ಸಿಕ್ತು. ಸಿಕ್ಕಿದ ಮೇಲೆ ಬೇರೆ ಕಡೆಯೆಲ್ಲ ಅಗೆದು ನೋಡಿದ್ದೀಯ. ಹೌದು, ಕಲಿತವಳು ನೀನು, ಹಾಗೇ ಮಾಡಬೇಕು. ಹೋದ ಸಲ ರಜಕ್ಕೆ ಬಂದಾಗಲೂ ಹಾಗೇ ಮಾಡಿದ್ದಿದ್ರೆ ಆಗ್ತಿತ್ತು ಪುಟ್ಟಿ...

ತಪ್ಪು ನಿನ್ನದು ಅಂತ ಹೇಳ್ತಿಲ್ಲ! ಕೂತ್ಕೋ, ಏಳಬೇಡ. ನನ್ನ ಬಾಯಿಗಿಷ್ಟು ಮಣ್ಣು ಹಾಕ. ನಿನ್ನದೇನೂ ತಪ್ಪಿಲ್ಲ. ಮಕ್ಕಳ ಜೊತೆ ಮಕ್ಕಳ ಥರ ಪ್ಯಾಂಟು ಮಡಚ್ಕೊಂಡು ಇಳಿದೆ ನೀನು. ನಾನು ಹಿಂದೆನೇ ನಿಂತಿದ್ದೆ. ನೀನು ಚಿಪ್ಪು ಕೈಯಲ್ಲಿ ಹಿಡ್ಕೊಂಡು ತಿರುಗಿಸಿ ನೋಡಿದೆ. ಮರಳು ನೆಲದ ಚಿಪ್ಪಿಗೂ ಕೆಸರು ನೆಲದ ಚಿಪ್ಪಿಗೂ ಬಣ್ಣ ಬೇರೆ ಅಂತ ನಾನೇ ಕಲಿಸಿದ್ದು ನಿನಗೆ. ಅದು ಹಳದಿ ಇತ್ತು. ಮರಳಿನ ಹಳದಿ! ಈಗ ನೋಡ್ತಾಳೆ, ಈಗ ತಿರುಗಿ ನನ್ನ ಮುಖ ನೋಡ್ತಾಳೆ, ಅಂತ ಕಾಯ್ತಾ ನಿಂತಿದ್ದೆ. ಗೊತ್ತಾಗಲಿ ಅಂತ ಬೇಡ್ಕೊಂಡೆ. ಗೊತ್ತಾಗದಿರಲಿ ಅಂತಾನೂ ಬೇಡ್ಕೊಂಡೆ. ನೀನು ತಿರುಗಿದೆ... "ಮಾವ, ಜೀವಂತ ಇದೆ! ವಾಪಸ್ ಬಂದಿದೆ ಮಾವ!" ಅಂತ ಬಂದು ಕೆಸರು ಕೈಯಲ್ಲೇ ನನ್ನ ತಬ್ಬಿಕೊಂಡೆ.

ಆವಾಗ ಹೇಳಬೇಕಿತ್ತು. ಹೇಳ್ತೀನಿ ಅಂತ ಬಾಯಿ ತೆರೆದೆ. ನೀನು ಆಗಲೇ ದೋಣಿಯಣ್ಣನ್ನ ಕೂಗ್ತಾ ಓಡ್ತಿದ್ದೆ.

ಆ ಗೋಡೆ ವಿಚಾರಣೆ ಸಮಿತಿಯವರು ನಿನ್ನನ್ನೇ ಕೇಳ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ನೀರಿನ ಪರೀಕ್ಷೆ ಮಾಡೋಳು, ಅದೇ ದಡದಲ್ಲಿ ಆಡಿ ಬೆಳೆದೋಳು, ಇವಳ ಮಾತಿಗಿಂತ ಸಾಕ್ಷಿ ಬೇಕಾ ಅಂದ್ಕೊಂಡಿರಬೇಕು. ನೀನು ಕಂಡಿದ್ದನ್ನ ಕಂಡ ಹಾಗೆ ಬರೆದು ಕೊಟ್ಟೆ. ಜೀವ ಮರಳ್ತಾ ಇದೆ, ಕಿಂಡಿ ಬಿಟ್ರೆ ಇನ್ನೂ ಬೇಗ ಚೇತರಿಸುತ್ತೆ, ಅಂತ. ಒಳ್ಳೇ ಮಾತೇ. ಆದ್ರೆ ಅವರು ಓದಿದ್ದು ಅರ್ಧ ಮಾತ್ರ. ವಿಚಾರಣೆ ಸಭೆಯಲ್ಲಿ ಬಂದರಿನ ಈಗಿನ ಸಾಹೇಬ ಎದ್ದು ನಿಂತು ನಿನ್ನ ಮಾತು ಗಟ್ಟಿಯಾಗಿ ಓದಿದ. "ಗೋಡೆ ಇದ್ರೂ ಜೀವ ಮರಳಿದೆ ಅಂತ ಇವರೇ ಹೇಳಿದ್ದಾರೆ. ಹಾಗಾದ್ರೆ ಗೋಡೆಯಿಂದ ತೊಂದರೆ ಏನು? ಕಿಂಡಿ ಯಾಕೆ?" ಮುಗೀತಲ್ಲ. ಇಷ್ಟೂ ವರ್ಷದ ಓಡಾಟ, ಆ ಒಂದು ಉಸಿರಲ್ಲಿ ಮುಗೀತು.

ಹೌದು. ನಾನು ಇದ್ದೆ ಅಲ್ಲಿ. ಎರಡನೇ ಸಾಲಲ್ಲಿ ಕೂತಿದ್ದೆ. ದೋಣಿಯಣ್ಣ ನನ್ನ ಪಕ್ಕದಲ್ಲೇ ಇದ್ದ.

ಸಾಹೇಬ ಕೇಳಿದ, "ಇದನ್ನ ಅಲ್ಲ ಅನ್ನೋರು ಯಾರಾದ್ರೂ ಇದ್ದೀರಾ?" ಅಂತ. ಎಲ್ಲರೂ ನನ್ನ ಕಡೆನೇ ತಿರುಗಿದ್ರು. ಏಡಿ ಮೇಷ್ಟ್ರು ಏನಾದ್ರೂ ಹೇಳ್ತಾರೆ ಅಂತ. ದೋಣಿಯಣ್ಣ ಮೊಣಕೈಯಲ್ಲಿ ತಿವಿದ, "ಏಳಿ ಮೇಷ್ಟ್ರೇ, ಮಾತಾಡಿ." ಎದ್ದೆ. ಎದ್ದು ನಿಂತೆ ಕಣೇ ನಾನು. ಒಂದೇ ಮಾತು ಹೇಳಬೇಕಿತ್ತು, ಸ್ವಾಮಿ, ಆ ಚಿಪ್ಪು ನಾನು ಹೂತಿದ್ದು, ಅಂತ. ನಾಲಗೆ ತುದಿಯಲ್ಲಿತ್ತು.

ಹೇಳಿದ್ರೆ ನಿನ್ನ ಗತಿ ಏನು? ಯೋಚನೆ ಮಾಡು. ಯಾರೋ ಹೂತಿಟ್ಟ ಚಿಪ್ಪು ನೋಡಿ ಮೋಸಹೋದ ವಿಜ್ಞಾನಿ ಅಂತ ಆಡ್ಕೊಳ್ಳಲ್ವಾ ಜನ? ನಾಳೆ ನಿನ್ನ ಪ್ರಯೋಗಾಲಯದಲ್ಲಿ ಯಾರು ನಂಬ್ತಾರೆ ನಿನ್ನ ಮಾತನ್ನ? ಅಷ್ಟು ಓದಿ, ಅಷ್ಟು ಕಷ್ಟಪಟ್ಟು... ನಿನ್ನ ಹೆಸರಿಗೆ ಮಸಿ ಬಳಿದು ಕಿಂಡಿ ತೆಗೆಸ್ಕೊಳ್ಳಬೇಕಾ ನಾನು? ಕೆಸರು ದೊಡ್ಡದಾ, ಅಕ್ಕನ ಮಗಳು ದೊಡ್ಡವಳಾ? "ಏನೂ ಇಲ್ಲ ಸ್ವಾಮಿ" ಅಂತ ಕೂತ್ಬಿಟ್ಟೆ. ನಿನಗೋಸ್ಕರ ಕೂತೆ. ನಿನ್ನ ಹೆಸರು ಉಳೀಲಿ ಅಂತ.

ಅಷ್ಟೇ ಪುಟ್ಟಿ. ಅದೇ ನಡೆದಿದ್ದು.

ಏನಾದ್ರೂ ಹೇಳು. ಬೈ. ಆ ಲೋಟ ಎತ್ತಿ ಗೋಡೆಗೆ ಹೊಡಿ, ಪರವಾಗಿಲ್ಲ.

...ನಿನಗೋಸ್ಕರ ಅಂತ ಹೇಳ್ತಿದ್ದೀನಲ್ಲ, ನಂಬಿಕೆ ಇಲ್ವಾ? ಚಿಕ್ಕಂದಿನಿಂದ ಎತ್ತಿ ಆಡಿಸಿದ್ದೀನಿ ನಿನ್ನ. ನಿನಗೆ ಒಂದು ಮುಳ್ಳು ಚುಚ್ಚಿದ್ರೆ ನನಗೆ ತಡೀತಿರಲಿಲ್ಲ. ಆ ಹೊತ್ತಲ್ಲಿ ನಿನ್ನ ಮುಖನೇ ಕಣ್ಣ ಮುಂದೆ ಬಂದಿದ್ದು. ನಿನ್ನ ಮುಖ... ನಿನ್ನ...

ಹಾಗೆ ನೋಡಬೇಡ ಅಂದೆನಲ್ಲ.

ಇಲ್ಲ. ನಿನ್ನ ಮುಖ ಬರಲಿಲ್ಲ.

ದರ್ಜಿ ಮುಖ ಬಂತು. ಹಿಂದಿನ ಸಾಲಲ್ಲಿ ಕೂತಿದ್ದ, ಆವತ್ತು ನಿದ್ದೆ ಮಾಡಿರಲಿಲ್ಲ ಅವನು, ಅಂಗಡಿ ಮುಚ್ಚಿ ಬಂದಿದ್ದ. ಎದ್ದು ನಿಂತಾಗ ನಾನು ಕಂಡಿದ್ದು ಅವನನ್ನ. ಆ ಹಲ್ಲಿಲ್ಲದ ಮಗುವಿನ ಅಪ್ಪನೂ ಇದ್ದ ಬಾಗಿಲ ಹತ್ತಿರ. ಮೇಷ್ಟ್ರು ಅಂತ ನನ್ನ ಕಂಡ್ರೆ ಬೀಡಿ ಬೆನ್ನ ಹಿಂದೆ ಮುಚ್ಚಿಡೋ ಮನುಷ್ಯ. ಇವರಿಗೆಲ್ಲ ಗೊತ್ತಾಗಿಬಿಡುತ್ತೆ ಅಂತ... ನಿನ್ನ ಹೆಸರು ಆಮೇಲೆ ಹೊಳೀತು. ಮನೆಗೆ ಬಂದ ಮೇಲೆ. ಊಟಕ್ಕೆ ಕೂತಾಗ. ಅದನ್ನ ಹಿಡ್ಕೊಂಡು ಎರಡು ದಿನ ದೂಡಿದೆ.

ಕೇಳಿಸ್ತಾ? ಮಕ್ಕಳು ಬಂದ್ರು. ದರ್ಜಿ ದನಿ ಅದು, ಅವರನ್ನ ಸಾಲಾಗಿ ನಿಲ್ಲಿಸ್ತಿದ್ದಾನೆ. ಏನು ಗಲಾಟೆ ನೋಡು... ಈಗ ಏನು ಮಾಡೋದು ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ. ಪಾಠ ಇಲ್ಲ ಅಂತ ವಾಪಸ್ ಕಳಿಸಲಾ? ಅಷ್ಟು ದೂರದಿಂದ ನಡ್ಕೊಂಡು ಬಂದಿದ್ದಾವೆ. ಇವತ್ತೊಂದು ದಿನ ಮಾಡಿಬಿಡ್ತೀನಿ, ಹೂತಿದ್ದು ಹೇಗೂ ಹೂತಾಗಿದೆ, ಮುಂದಿನ ವಾರದಿಂದ...

ಎಲ್ಲಿಗೆ ಹೊರಟೆ? ಪುಟ್ಟಿ! ಚಪ್ಪಲಿ ಯಾಕೆ ಬಿಟ್ಟೆ? ಏ, ನಿಲ್ಲು... ಇಲ್ಲಿ ಪಾಠ ಆಗಬೇಕು ಮೊದಲು, ಅಗೆಯೋದು ಆಮೇಲೆ... ಅವರಿಗೆ ಏನು ಹೇಳ್ತೀಯ ನೀನು?

...ಏನೂ ಹೇಳ್ತಿಲ್ಲ. ಒಂದು ಮಗುವಿನ ಕೈ ಹಿಡ್ಕೊಂಡ್ಲು. ಎಲ್ಲ ಹಿಂದೆ ಹೊರಟ್ವು. ದರ್ಜಿನೂ ಹೊರಟ... ಮೆಟ್ಟಿಲು ಇಳಿದ್ರು. ಸರಿ, ಗಳದ ಹತ್ತಿರ ತಾನೆ, ಹೋಗಲಿ... ಅಲ್ಲ, ಗಳ ದಾಟಿ ಹೋಗ್ತಿದ್ದಾಳೆ. ಆಚೆ ಕರ್ಕೊಂಡು ಹೋಗ್ತಿದ್ದಾಳೆ ಎಲ್ಲರನ್ನೂ. ಕೂರಿಸ್ತಿದ್ದಾಳೆ ಅಲ್ಲಿ...

ಪುಟ್ಟೀ! ಆ ಕಡೆ ಬೇಡ! ವಾಪಸ್ ಬನ್ನಿ ಮಕ್ಕಳೇ, ಈ ಕಡೆ, ಈ ಕಡೆ! ಪುಟ್ಟೀ, ಅಲ್ಲಿ ಅಗೆಸಬೇಡ ಕಣೇ, ಅಲ್ಲಿ ನಾನು ಏನೂ ಹೂತಿಲ್ಲ!

...

ದರ್ಜಿ ತಿರುಗಿ ನೋಡ್ತಿದ್ದಾನೆ.